ಶಕ್ತಿಯೋಜನೆಯೂ ಕೈಗೂಸಿನ ತಾಯಿಯೂ

೨೦೨೩ನೆಯ ಇಸವಿಯ ಜೂನ್ ೧೧ರಂದು ಕರ್ನಾಟಕ ಸರಕಾರವು ಶಕ್ತಿಯೋಜನೆಯನ್ನು ಜಾರಿಗೆ ತಂದು, ನಾಡಿನ ಹೆಣ್ಣುಮಕ್ಕಳಿಗೆಲ್ಲ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುವ ಅನುಕೂಲವನ್ನು ಒದಗಿಸಿತು. ೨೦೨೫ರ ಜುಲೈ ತಿಂಗಳಲ್ಲಿ ಈ ಪ್ರಯಾಣಗಳ ಸಂಖ್ಯೆಯು ೫೦೦ ಕೋಟಿಯನ್ನು ಮುಟ್ಟಿತೆಂದು ಸರಕಾರವು ಸಂಭ್ರಮದಿಂದ ಸಾರಿತು. ಈ ಯೋಜನೆಯ ಖರ್ಚುವೆಚ್ಚಗಳ ವಿಷಯವಾಗಿ ಪಂಡಿತರಲ್ಲಿ ಎಷ್ಟೇ ವಾದವಿರಲಿ, ಕೂಲಿಯ ಹೆಂಗಸು, ಸಂತೆಯ ಹೆಂಗಸು, ಕಾಲೇಜಿಗೆ ಹೋಗುವ ಹುಡುಗಿ ಮೊದಲಾದವರು ಇದರಿಂದ ಮನೆಯ ಹೊಸಲು ದಾಟಿ ಹೊರಬಂದಿರುವರೆಂಬುದನ್ನು ಕಣ್ಣಿದ್ದವರಾರೂ ಅಲ್ಲಗಳೆಯಲಾರರು. ನಾವೂ ಅದನ್ನು ಮನಃಪೂರ್ವಕವಾಗಿ ಒಪ್ಪುವೆವು. ಆದರೆ ಟಿಕೇಟಿನ ಹಣವೊಂದೇ ಪ್ರಯಾಣಕ್ಕಿರುವ ಅಡ್ಡಿಯಲ್ಲ. ಹಣದ ಅಡ್ಡಿ ಹೋದ ಮೇಲೆಯೂ ಬಸ್ಸಿನ ಮೆಟ್ಟಿಲ ಬಳಿಯಲ್ಲಿಯೇ ನಿಂತುಬಿಡುವ ಒಬ್ಬ ಪ್ರಯಾಣಿಕಳಿರುವಳು. ಕಂಕುಳಲ್ಲಿ ಮೂರು ತಿಂಗಳ ಕೂಸು, ಕೈಯಲ್ಲಿ ಈಗ ತಾನೇ ನಡೆಯ ಕಲಿತ ಒಂದೂವರೆ ಎರಡು ವರ್ಷದ ಮಗು, ಹೆಗಲಿಗೆ ಅರಿವೆಯ ಚೀಲ. ಇಂಥ ತಾಯಿಯ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಇದು ಅಡಿಗೆಮನೆಯ ವಿಷಯ, ಸಂಪಾದಕೀಯದಲ್ಲಿ ಇದಕ್ಕೇನು ಸ್ಥಳ, ಎಂದು ಕೆಲವು ಮಹನೀಯರು ಹುಬ್ಬು ಹಾರಿಸಬಹುದು. ಅವರು ಒಂದು ದಿನ ಮುಂಜಾನೆ ಹತ್ತು ಗಂಟೆಗೆ ನಮ್ಮ ಸೀಮೆಯ ಯಾವ ಬಸ್ ನಿಲ್ದಾಣದಲ್ಲಾದರೂ ಅರ್ಧ ತಾಸು ನಿಂತು ನೋಡಲಿ. ಬಸ್ಸು ಬಂದೊಡನೆ ಗಟ್ಟಿಮುಟ್ಟಾದವರು ಕಿಟಕಿಯೊಳಗಿನಿಂದ ಟವೆಲು ಹಾಕಿ ಆಸನವನ್ನು ಕಾದಿರಿಸುವರು. ಮೊದಲನೆಯ ಮೆಟ್ಟಿಲು ನೆಲದಿಂದ ಮೊಣಕಾಲೆತ್ತರಕ್ಕಿರುವದು. ಅದನ್ನು ಏರಲು ಒಂದು ಕೈಯಿಂದ ಕಂಬಿಯನ್ನು ಹಿಡಿಯಲೇಬೇಕು. ಇನ್ನೊಂದು ಕೈಯಲ್ಲಿ ಕೂಸಿರುವದು. ಹಾಗಾದರೆ ದೊಡ್ಡ ಮಗುವನ್ನು ಎತ್ತುವ ಕೈ ಯಾವದು? ಅವಳು ಅದನ್ನು ಕಿಟಕಿಯಿಂದ ಒಳಗೆ ಕೂತ ಅಪರಿಚಿತರ ಕೈಗೆ ಕೊಟ್ಟು, ಅದು ಹೆದರಿ ಅಳುತ್ತಿರುವಾಗ, ಬಾಗಿಲಿನ ಕಡೆಗೆ ಓಡುವಳು. ಬಸ್ಸು ಅಷ್ಟರೊಳಗೆ ಹೊರಟರೆ ಎಂಬ ಭಯವು ಆ ನಾಲ್ಕು ಹೆಜ್ಜೆಗಳಲ್ಲಿ ಅವಳ ಮುಖದ ಮೇಲೆ ಕಾಣುವದು. ಪರರ ಮೇಲಿನ ವಿಶ್ವಾಸವು ನಮ್ಮ ಜನರಲ್ಲಿ ಇನ್ನೂ ಉಳಿದಿದೆಯೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿಯಾಗಿದ್ದರೂ, ಒಂದು ಸಾರ್ವಜನಿಕ ಸಾರಿಗೆಯ ವ್ಯವಸ್ಥೆಯು ಇಂಥ ವಿಶ್ವಾಸದ ಮೇಲೆಯೇ ನಡೆಯುವದು ಉಚಿತವಲ್ಲ.

ಈ ತಾಯಿಯು ಅಧಿಕಾರಿಗಳ ಕಣ್ಣಿಗೆ ಏಕೆ ಬೀಳುವದಿಲ್ಲವೆಂಬುದಕ್ಕೆ ಕಾರಣವು ಅವರ ಲೆಕ್ಕದ ಪುಸ್ತಕದಲ್ಲಿಯೇ ಇರುವದು. ಶಕ್ತಿಯೋಜನೆಯಲ್ಲಿ ಪ್ರಯಾಣ ಮಾಡುವ ಹೆಂಗಸಿಗೆ ಕಂಡಕ್ಟರನು ಶೂನ್ಯ ದರದ ಟಿಕೇಟನ್ನು ಕೊಡುವನು. ಆ ಟಿಕೇಟುಗಳ ಲೆಕ್ಕದ ಮೇಲೆ ನಿಗಮಕ್ಕೆ ಸರಕಾರದಿಂದ ಹಣ ಬರುವದು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೇಟೇ ಇಲ್ಲ. ಆದುದರಿಂದ ಮೂರು ಜೀವಗಳು ಬಸ್ಸು ಹತ್ತಿದಾಗ ನಿಗಮದ ಯಂತ್ರದಲ್ಲಿ ಮೂಡುವದು ಒಂದು ಚೀಟಿ, ಅದರ ಮೇಲೆ ಒಂದು ಸೊನ್ನೆ. ಎಷ್ಟು ಎಳೆಗೂಸುಗಳು ನಿತ್ಯ ಹೊಸಪೇಟೆಯಿಂದ ಕಂಪ್ಲಿಗೆ, ಸಂಡೂರಿನಿಂದ ಬಳ್ಳಾರಿಗೆ ಹೋಗಿಬರುವವೆಂಬುದನ್ನು ಟಿಕೇಟಿನ ಲೆಕ್ಕವು ಹೇಳಲಾರದು. ಲೆಕ್ಕದಲ್ಲಿಲ್ಲದವರಿಗೆ ಆಸನವೆಲ್ಲಿಂದ ಬಂದೀತು? ಯೋಜನೆಯ ಕಟ್ಟಳೆಯಲ್ಲಿ ಅರ್ಧದಷ್ಟು ಆಸನಗಳನ್ನು ಗಂಡಸರಿಗೆ ಮೀಸಲಿಡಬೇಕೆಂಬ ಮಾತಿದೆ. ಅದು ನ್ಯಾಯವೇ ಸರಿ. ಉಳಿದರ್ಧಕ್ಕೆ ಹೆಂಗಸರಲ್ಲಿ ಪೈಪೋಟಿ ನಡೆಯುವದು. ಆ ಪೈಪೋಟಿಯಲ್ಲಿ ಎರಡು ಕೈಗಳೂ ತುಂಬಿದವಳೇ ಎಲ್ಲರಿಗಿಂತ ಹಿಂದೆ ಬೀಳುವಳು.

ಇವಳು ಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳಬಾರದೇಕೆ ಎನ್ನುವವರಿಗೆ ಉತ್ತರವನ್ನು ಸರಕಾರದ ಲಸಿಕೆಯ ಪಟ್ಟಿಯೇ ಕೊಡುವದು. ಹುಟ್ಟಿದಾಗ ಹಾಕುವ ಲಸಿಕೆಗಳ ತರುವಾಯ ಆರನೆಯ ವಾರ, ಹತ್ತನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಆಮೇಲೆ ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ಮತ್ತೊಮ್ಮೆ, ಹೀಗೆ ಕೂಸನ್ನು ಲಸಿಕೆಯ ಕೇಂದ್ರಕ್ಕೆ ಒಯ್ಯಬೇಕು. ಒಂದೂವರೆ ವರ್ಷದ ಅಂತರದಲ್ಲಿ ಎರಡು ಮಕ್ಕಳಾದರೆ, ಚಿಕ್ಕದರ ಆರನೆಯ ವಾರವೂ ದೊಡ್ಡದರ ಎರಡನೆಯ ವರ್ಷದ ಲಸಿಕೆಯೂ ಒಂದೇ ಕಾಲಕ್ಕೆ ಬರುವವು. ಹೆರಿಗೆಯಾದ ಮೇಲೆ ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಮನೆಗೆ ಮುಟ್ಟಿಸಲು ಸರಕಾರವು 'ನಗು-ಮಗು' ಎಂಬ ವಾಹನಗಳನ್ನಿಟ್ಟಿದೆ. ಶ್ಲಾಘ್ಯವಾದ ಕೆಲಸವಿದು. ಆದರೆ ಆ ವಾಹನವು ಬರುವದು ಒಂದೇ ಸಾರೆ. ಆರನೆಯ ವಾರದಿಂದ ಮುಂದೆ ಅವಳ ದಾರಿ ಅವಳಿಗೆ. ೨೦೧೭ರ ಅಕ್ಟೋಬರ್ ೨ರಂದು ಆರಂಭವಾದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಬಿಸಿಯೂಟವನ್ನು ಉಣ್ಣಬೇಕೆಂದು ಗೊತ್ತುಮಾಡಲಾಯಿತು. ಊಟವು ಪುಷ್ಟಿಕರವಾದುದೇ; ಆದರೆ ಅದನ್ನು ಉಣ್ಣಲು ಬಿಸಿಲಿನಲ್ಲಿ ಎರಡು ಮಕ್ಕಳೊಡನೆ ನಡೆದು ಹೋಗಿ ಬರುವ ದಣಿವನ್ನು ಯೋಜನೆ ಹಾಕಿದವರು ಲೆಕ್ಕಕ್ಕೆ ಹಿಡಿದರೋ ಇಲ್ಲವೋ! ಇದರ ಮೇಲೆ ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ತವರಿಗೆ ಹೋಗುವ ನಮ್ಮ ಪದ್ಧತಿಯಂತೂ ಇದ್ದೇ ಇದೆ.

ನಮ್ಮ ಭಾಗದಲ್ಲಿ ಈ ಕಷ್ಟಕ್ಕೆ ಆಡಳಿತದ ಗಡಿಯೂ ತನ್ನ ಪಾಲನ್ನು ಕೂಡಿಸಿದೆ. ೨೦೨೧ರಲ್ಲಿ ಬಳ್ಳಾರಿ ಜಿಲ್ಲೆಯು ಒಡೆದು ವಿಜಯನಗರ ಜಿಲ್ಲೆಯು ಹುಟ್ಟಿತು; ಹೊಸಪೇಟೆಯು ಅದರ ಮುಖ್ಯ ಪಟ್ಟಣವಾಯಿತು. ಕಂಪ್ಲಿ ಮತ್ತು ಸಂಡೂರು ತಾಲೂಕುಗಳು ಬಳ್ಳಾರಿಯಲ್ಲಿಯೇ ಉಳಿದವು. ಕಂಪ್ಲಿಯವರಿಗೂ ಸಂಡೂರಿನವರಿಗೂ ಹೊಸಪೇಟೆಯು ಸುಮಾರು ೩೦ ಕಿಲೋಮೀಟರಿನ ದಾರಿ. ಬಳ್ಳಾರಿಯು ಅದಕ್ಕಿಂತ ಬಹಳ ದೂರ. ಆದರೆ ಜಿಲ್ಲೆಯ ಕಾಗದಪತ್ರ, ಮೇಲಿನ ಆಸ್ಪತ್ರೆಯ ಶಿಫಾರಸು ಇವೆಲ್ಲ ಸ್ವಾಭಾವಿಕವಾಗಿಯೇ ಬಳ್ಳಾರಿಯ ಕಡೆಗೆ ಮುಖಮಾಡುವವು. ಜಿಲ್ಲೆಯ ಗೆರೆಯನ್ನು ನಕಾಶೆಯ ಮೇಲೆ ಎಳೆಯುವವನಿಗೆ ೨೦ ಕಿಲೋಮೀಟರು ಒಂದು ಬೆರಳಿನ ಅಂತರ. ಜ್ವರ ಬಂದ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಿಂತು ಹೋಗುವವಳಿಗೆ ಅದು ಇನ್ನೊಂದು ಹಗಲು. ಗೆರೆಯನ್ನು ಅಳಿಸೆಂದು ನಾವು ಹೇಳುವದಿಲ್ಲ. ಎಳೆಮಕ್ಕಳ ಚಿಕಿತ್ಸೆಯ ಮಟ್ಟಿಗೆ ಆ ಗೆರೆಯು ಅಡ್ಡ ಬರಬಾರದೆಂದು ಎರಡೂ ಜಿಲ್ಲೆಗಳ ಅಧಿಕಾರಿಗಳು ಕೂಡಿ ಒಂದು ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಬೇಕೆಂದು ಮಾತ್ರ ಕೇಳುವೆವು.

ಕಂಪ್ಲಿಯ ಕಥೆಯಲ್ಲಿ ಹೊಳೆಯೂ ಬರುವದು. ಅಲ್ಲಿಂದ ತುಂಗಭದ್ರೆಯನ್ನು ದಾಟಿದರೆ ಗಂಗಾವತಿ. ಆಸ್ಪತ್ರೆ, ಅಂಗಡಿ, ಬೀಗತನ ಎಲ್ಲದಕ್ಕೂ ಹತ್ತಿರದ ಊರು. ಆದರೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯು ಮುಳುಗಿ ಸಂಚಾರವು ನಿಲ್ಲುವದು. ೨೦೧೯ರ ಆಗಸ್ಟಿನ ಮಹಾಪೂರವನ್ನು ಯಾರೂ ಮರೆತಿಲ್ಲ. ಆಗ ಬುಕ್ಕಸಾಗರದ ಬಳಿಯಿರುವ ಕಡೇಬಾಗಿಲು ಸೇತುವೆಯ ಮೇಲೆ ಸುತ್ತು ಹಾಕಿ ಹೋಗಬೇಕು. ಆನೆಗೊಂದಿಗೆ ತಳವಾರಘಟ್ಟದಿಂದ ಕಟ್ಟುತ್ತಿದ್ದ ಸೇತುವೆಯು ೨೦೦೯ರ ಜನವರಿಯಲ್ಲಿ ಕುಸಿದು ಕೂಲಿಗಳು ಸತ್ತ ದುಃಖವು ಈ ಹೊಳೆಯ ದಡದ ಜನರ ನೆನಪಿನಲ್ಲಿ ಇನ್ನೂ ಇದೆ. ಒಬ್ಬಂಟಿಗನಾದ ಗಂಡಸಿಗೆ ಸುತ್ತುದಾರಿಯೆಂದರೆ ಒಂದು ಬೇಸರ. ಎರಡು ಎಳೆಮಕ್ಕಳ ತಾಯಿಗೆ ಅದು ಹಾಲಿನ, ನೀರಿನ, ಒದ್ದೆಯರಿವೆಯ, ಅಳುವಿನ ಪ್ರಶ್ನೆ. ಸೇತುವೆ ಮುಚ್ಚಿದ ದಿನ ನಿಲ್ದಾಣದಲ್ಲಿ ಇಂತಿಷ್ಟು ಹೊತ್ತಿಗೆ ಸುತ್ತುದಾರಿಯ ಬಸ್ಸು ಹೊರಡುವದೆಂದು ಒಂದು ಹಲಗೆಯ ಮೇಲೆ ಬರೆದರೂ ಅವಳ ಅರ್ಧ ಕಷ್ಟವು ತೀರುವದು.

ಬಸ್ಸಿನಲ್ಲಿ ಸ್ಥಳವಿಲ್ಲದ ಕುಟುಂಬವು ಮಾಡುವದೇನು? ಮೋಟಾರ್ ಸೈಕಲ್ಲನ್ನು ಹತ್ತುವದು. ಮುಂದೆ ಪೆಟ್ರೋಲ್ ಟಾಕಿಯ ಮೇಲೆ ದೊಡ್ಡ ಮಗು, ನಡುವೆ ಅಪ್ಪ, ಹಿಂದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬದಿಗೆ ಕಾಲು ಬಿಟ್ಟು ಕುಳಿತ ತಾಯಿ. ಸಂಡೂರಿನ ದಾರಿಯಲ್ಲಿ ಅದಿರು ತುಂಬಿದ ಲಾರಿಗಳ ಸಾಲಿನ ಮಗ್ಗುಲಲ್ಲಿ, ಕೆಂಪು ಧೂಳಿನಲ್ಲಿ, ಈ ನಾಲ್ವರು ಹೋಗುವದನ್ನು ನೋಡಿದವರ ಎದೆ ನಡುಗದಿರದು. ಕಾಯಿದೆಯು ಇದನ್ನು ಒಪ್ಪುವದಿಲ್ಲ. ಮೋಟಾರು ವಾಹನ ಕಾಯಿದೆಯ ೧೨೮ನೆಯ ಕಲಮಿನಂತೆ ದ್ವಿಚಕ್ರದ ಮೇಲೆ ಚಾಲಕನಲ್ಲದೆ ಇನ್ನೊಬ್ಬರಿಗೆ ಮಾತ್ರ ಅವಕಾಶ. ೨೦೨೨ರ ಫೆಬ್ರುವರಿ ೧೫ರಂದು ಕೇಂದ್ರ ಸರಕಾರವು ಹೊರಡಿಸಿ ಒಂದು ವರ್ಷದ ತರುವಾಯ ಜಾರಿಗೆ ಬಂದ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ತೊಡಿಸಿ, ಸುರಕ್ಷೆಯ ಪಟ್ಟಿಯಿಂದ ಚಾಲಕನ ಮೈಗೆ ಕಟ್ಟಿ, ಗಂಟೆಗೆ ೪೦ ಕಿಲೋಮೀಟರಿಗೆ ಮೀರದಂತೆ ಗಾಡಿಯನ್ನು ನಡೆಸಬೇಕು. ನಿಯಮವು ಸದುದ್ದೇಶದ್ದು. ಆದರೆ ನಮ್ಮ ತಾಯಿಯ ಮಟ್ಟಿಗೆ ಇದನ್ನು ಬಿಡಿಸಿ ನೋಡೋಣ. ಚಾಲಕನೊಬ್ಬ, ಅವನ ಮೈಗೆ ಪಟ್ಟಿಯೊಂದು. ಅದರಲ್ಲಿ ದೊಡ್ಡ ಮಗುವನ್ನು ಕಟ್ಟಿದರೆ ಅಲ್ಲಿಗೆ ಸ್ಥಳ ಮುಗಿಯಿತು. ಒಂಬತ್ತು ತಿಂಗಳಿಗಿಂತ ಚಿಕ್ಕ ಕೂಸಿನ ಹೆಲ್ಮೆಟ್ಟಿನ ವಿಷಯದಲ್ಲಿ ಈ ನಿಯಮವು ಮಾತೇ ಆಡುವದಿಲ್ಲ. ಕಾಯಿದೆಯ ದೃಷ್ಟಿಯಲ್ಲಿ ತಾಯಿಗೂ ಕೂಸಿಗೂ ಈ ಗಾಡಿಯ ಮೇಲೆ ಸ್ಥಳವಿಲ್ಲ.

೨೦೨೩ರಲ್ಲಿ ನೆರೆಯ ಕೇರಳ ಸರಕಾರವು ಹನ್ನೆರಡು ವರ್ಷದೊಳಗಿನ ಒಂದು ಮಗುವನ್ನು ಮೂರನೆಯ ಸವಾರನೆಂದು ಎಣಿಸದಿರಬೇಕೆಂದು ವಿನಾಯಿತಿಯನ್ನು ಬೇಡಿತು; ಕೇಂದ್ರವು ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೇಂದ್ರವು ಒಪ್ಪದಿದ್ದುದೇ ಸರಿ. ಅಪಾಯವು ಕಾಗದದ ವಿನಾಯಿತಿಯಿಂದ ಕಡಿಮೆಯಾಗದು. ಲಾರಿಯ ಗಾಲಿಗೆ ಕಾಯಿದೆಯ ಕಲಮು ತಿಳಿಯದು. ಆದರೆ ಬೇಡವೆಂದು ಹೇಳುವ ಅಧಿಕಾರವುಳ್ಳ ಸರಕಾರಕ್ಕೆ, ಹಾಗಾದರೆ ಹೇಗೆ ಹೋಗಬೇಕೆಂದು ತೋರಿಸುವ ಹೊಣೆಯೂ ಇದೆ. ಆ ದಾರಿ ಬಸ್ಸೇ ಹೊರತು ಬೇರೆಯಲ್ಲ. ಬಸ್ಸನ್ನು ಹತ್ತಲಾರದಂತೆ ಇಟ್ಟು, ಗಾಡಿಯನ್ನು ಹತ್ತಿದರೆ ದಂಡ ಹಾಕುವದು ನ್ಯಾಯವಲ್ಲ.

ಆಡಳಿತವು ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ; ಹಂಪೆಗೆ ಹೋದರೆ ಸಾಕು. ೧೯೮೬ರಲ್ಲಿ ಜಗತ್ತಿನ ಪರಂಪರೆಯ ಪಟ್ಟಿಯನ್ನು ಸೇರಿದ ಈ ಕ್ಷೇತ್ರದಲ್ಲಿ ಗೆಜ್ಜಲ ಮಂಟಪದಿಂದ ವಿಜಯವಿಠ್ಠಲನ ಗುಡಿಯವರೆಗೆ ಸುಮಾರು ಒಂದು ಕಿಲೋಮೀಟರು ದೂರ ಬ್ಯಾಟರಿಯ ಗಾಡಿಗಳು ಓಡುವವು. ಅವುಗಳ ನೆಲವು ತಗ್ಗಾಗಿದೆ, ವೇಗವು ಮಿತವಾಗಿದೆ, ಬದಿಯಿಂದಲೇ ಹತ್ತಬಹುದಾಗಿದೆ. ಅವುಗಳನ್ನು ನಡೆಸುವವರಲ್ಲಿ ಹೆಣ್ಣುಮಕ್ಕಳೂ ಇರುವರು. ಜಾವಳಕ್ಕೋ ಹರಕೆಗೋ ವಿರೂಪಾಕ್ಷನ ಸನ್ನಿಧಿಗೆ ಬಂದ ತಾಯಿಯು ಎರಡು ಮಕ್ಕಳೊಡನೆ ಹಂಪೆಯ ಕಲ್ಲುಹಾಸಿನ ಮೇಲೆ ತಡವರಿಸಿದರೂ, ಈ ಗಾಡಿಯನ್ನು ಮಾತ್ರ ಸುಲಭವಾಗಿ ಹತ್ತುವಳು. ಶಿಲಾರಥವನ್ನು ನೋಡಬಂದ ಅತಿಥಿಗೆ ಒದಗಿಸಿದ ಅನುಕೂಲವು ಹೊಸಪೇಟೆಯ ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ಬಾಣಂತಿಗೆ ದೊರೆಯಬಾರದೇಕೆ? ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯಂತೆ, ಉಪಾಯವು ಹದಿಮೂರು ಕಿಲೋಮೀಟರಿನ ಅಂತರದಲ್ಲಿಯೇ ಇರುವಾಗ ನಾವು ಅದನ್ನು ಎಲ್ಲೆಲ್ಲಿಯೋ ಹುಡುಕುತ್ತಿರುವೆವು.

ಪರದೇಶಗಳ ಅನುಭವವೂ ಕೆಲವು ಪಾಠಗಳನ್ನು ಕಲಿಸುವದು. ಫಿನ್‌ಲಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ತಳ್ಳುಗಾಡಿಯಲ್ಲಿ ಎಳೆಯ ಮಗುವನ್ನು ಕರೆತಂದವರಿಗೆ ಬಸ್ಸಿನಲ್ಲಿಯೂ ಟ್ರಾಮಿನಲ್ಲಿಯೂ ಪ್ರಯಾಣದ ಹಣವಿಲ್ಲ. ನಮ್ಮಲ್ಲಿಯಾದರೋ ಹೆಂಗಸಿಗೆ ಹಣವಿಲ್ಲವೆಂಬ ಮಾತು ಬಂದಿದೆ. ಗಾಡಿ ಹತ್ತುವ ಬಾಗಿಲು ಬಂದಿಲ್ಲ. ಇಂಗ್ಲಂಡಿನಲ್ಲಿ ೨೦೧೨ರಲ್ಲಿ ಬಸ್ಸಿನೊಳಗಿನ ಒಂದೇ ತೆರವಾದ ಸ್ಥಳಕ್ಕಾಗಿ, ತಳ್ಳುಗಾಡಿಯಲ್ಲಿ ಮಲಗಿದ ಕೂಸಿನ ತಾಯಿಗೂ ಗಾಲಿಕುರ್ಚಿಯ ಅಂಗವಿಕಲನಿಗೂ ಪ್ರಸಂಗ ಒದಗಿ, ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬರೀ ಬೇಡಿಕೆಯಿಂದ ತೃಪ್ತನಾಗದೆ ಸ್ಥಳವನ್ನು ಬಿಡಿಸಲು ಚಾಲಕನು ಇನ್ನೂ ಹೆಚ್ಚಿನ ಪ್ರಯತ್ನ ಮಾಡಬೇಕೆಂದು ೨೦೧೭ರ ಜನವರಿಯಲ್ಲಿ ತೀರ್ಪಾಯಿತು. ಇದರಿಂದ ತಿಳಿಯುವದೇನೆಂದರೆ, ಇಬ್ಬರು ದುರ್ಬಲರಿಗೆ ಒಂದೇ ಸ್ಥಳವನ್ನಿಟ್ಟರೆ ಅವರವರೊಳಗೇ ಜಗಳ ಹುಟ್ಟುವದು. ಮೊದಲಿನಿಂದಲೇ ಇಬ್ಬರನ್ನೂ ಎಣಿಸಿ ಸ್ಥಳವನ್ನು ಮಾಡತಕ್ಕದ್ದು. ನಮ್ಮ ರೈಲ್ವೆಯೂ ೨೦೨೨ರ ಮೇ ತಿಂಗಳಲ್ಲಿ ಲಖನೌ ಮೇಲಿನ ಒಂದು ಡಬ್ಬಿಯಲ್ಲಿ ತಾಯಿಯ ಹಾಸಿಗೆಗೆ ಹೊಂದಿಸಿದ, ಮಡಿಸಬಹುದಾದ ಎಳೆಗೂಸಿನ ಪುಟ್ಟ ಮಂಚವನ್ನು ಪರೀಕ್ಷೆಗಾಗಿ ಜೋಡಿಸಿತು. ಸಣ್ಣ ಪ್ರಯೋಗ, ಆದರೆ ತಾಯಿಯ ಮಗ್ಗುಲಲ್ಲಿ ಇನ್ನೊಂದು ಜೀವವಿದೆಯೆಂದು ಒಂದು ಇಲಾಖೆಯು ಒಪ್ಪಿಕೊಂಡಂತಾಯಿತು.

ಈಗ ಎದುರುವಾದಗಳನ್ನು ವಿಚಾರಿಸೋಣ. ನಮ್ಮ ತಾಯಂದಿರು, ಅಜ್ಜಿಯರು ಹತ್ತು ಮಕ್ಕಳನ್ನು ಹೆತ್ತು ಸಾಕಲಿಲ್ಲವೇ, ಎಂದು ಹಿರಿಯರು ಕೇಳುವರು. ನಿಜ, ಆದರೆ ಅವರೊಡನೆ ಅತ್ತೆ, ನಾದಿನಿ, ಓರಗಿತ್ತಿಯರಿದ್ದರು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಮಲಗಿಸಿ ಒಯ್ಯುತ್ತಿದ್ದರು. ಇಂದು ಗಂಡನು ತೋರಣಗಲ್ಲಿನ ಕಾರಖಾನೆಗೋ ಗಣಿಗೋ ಹೋಗಿರುವನು, ಮನೆಯಲ್ಲಿ ಇವಳೊಬ್ಬಳೇ. ಎರಡನೆಯದಾಗಿ, ಇಷ್ಟು ಬೇಗ ಎರಡನೆಯ ಮಗು ಏಕೆ ಎಂದು ಕೆಲವರು ಉಪದೇಶ ಮಾಡುವರು. ಒಂದು ಹೆರಿಗೆಯಾದ ಮೇಲೆ ಮರಳಿ ಗರ್ಭ ಧರಿಸುವದಕ್ಕೆ ಎರಡು ವರ್ಷವಾದರೂ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವದು ಸರಿಯೇ. ಆದರೆ ಆ ಉಪದೇಶವನ್ನು ಗಂಡಹೆಂಡಿರಿಬ್ಬರಿಗೂ ಮೊದಲೇ ಹೇಳತಕ್ಕದ್ದು. ಹುಟ್ಟಿದ ಕೂಸನ್ನು ಎತ್ತಿಕೊಂಡು ನಿಂತವಳಿಗೆ ಉಪದೇಶದಿಂದ ಪ್ರಯೋಜನವಿಲ್ಲ, ಆಸನದಿಂದ ಪ್ರಯೋಜನವಿದೆ. ಮೂರನೆಯದಾಗಿ, ೨೦೨೫ರ ಜನವರಿ ೫ರಿಂದ ಪ್ರಯಾಣದ ದರವು ಶೇಕಡಾ ೧೫ರಷ್ಟು ಏರಿತು. ಹಣ ಕೊಡುವವರು ನಾವು, ಮತ್ತೆ ಹೆಂಗಸರಿಗೇ ಸೌಕರ್ಯವೇ, ಎಂದು ಗಂಡಸರು ಗೊಣಗುವರು. ಅವರ ಗೊಣಗಿಗೂ ಕಾರಣವಿದೆ. ಆದರೆ ಆ ಕೂಸು ಅವರ ಮನೆಯದೇ ಎಂಬುದನ್ನು ಅವರು ಮರೆಯಬಾರದು.

ಆದುದರಿಂದ ನಮ್ಮ ಸೂಚನೆಗಳು ದೊಡ್ಡ ವೆಚ್ಚದವಲ್ಲ. ಮೊದಲನೆಯದು, ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಹೊಸಪೇಟೆಯ ವಿಭಾಗವು ಒಂದು ತಿಂಗಳ ಮಟ್ಟಿಗೆ ಕಂಪ್ಲಿ, ಸಂಡೂರು, ಹಂಪೆಯ ಮಾರ್ಗಗಳಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಲಿ. ಶೂನ್ಯ ಟಿಕೇಟನ್ನು ಅಚ್ಚು ಮಾಡುವ ಯಂತ್ರಕ್ಕೆ ಇನ್ನೊಂದು ಶೂನ್ಯವು ಭಾರವಾಗದು. ಎರಡನೆಯದು, ಬಾಗಿಲಿಗೆ ಹತ್ತಿರವಾದ ಎರಡು ಆಸನಗಳನ್ನು ಎಳೆಗೂಸುಳ್ಳ ತಾಯಂದಿರಿಗೆಂದು ಬಣ್ಣ ಬಳಿದು ಗೊತ್ತುಮಾಡಲಿ. ಮುದುಕರ ಮತ್ತು ಅಂಗವಿಕಲರ ಆಸನಗಳನ್ನು ಅದಕ್ಕಾಗಿ ಕಿತ್ತುಕೊಳ್ಳದಿರಲಿ. ಕೂಸುಗಳು ಕುಳಿತ ಮೇಲೆಯೇ ಶಿಳ್ಳು ಹಾಕಬೇಕೆಂದು ಕಂಡಕ್ಟರರಿಗೆ ಕಟ್ಟಪ್ಪಣೆಯಿರಲಿ. ಮೂರನೆಯದು, ಕೇಂದ್ರ ಸರಕಾರದ ನಗರ ಬಸ್ಸುಗಳ ಮಾನದಂಡದಲ್ಲಿ ೪೦೦, ೬೫೦, ೯೦೦ ಮಿಲಿಮೀಟರ್ ಎತ್ತರದ ನೆಲವುಳ್ಳ ಬಸ್ಸುಗಳ ವಿವರವಿದೆ; ಮುಂದೆ ಕೊಳ್ಳುವ ಬಸ್ಸುಗಳಲ್ಲಿ ಕೆಲವನ್ನಾದರೂ ತಗ್ಗಿನ ನೆಲದವನ್ನು ಆರಿಸಿ ಪಟ್ಟಣದ ಸಂಚಾರಕ್ಕೆ ಬಿಡಲಿ; ಅಲ್ಲಿಯವರೆಗೆ ದೊಡ್ಡ ನಿಲ್ದಾಣಗಳಲ್ಲಿ ಒಂದೊಂದು ಮರದ ಮೆಟ್ಟಿಲನ್ನಿಡಲಿ. ನಾಲ್ಕನೆಯದು, ಅಣ್ಣನ ಲಸಿಕೆಗೊಂದು ದಿನ, ತಂಗಿಯ ಲಸಿಕೆಗೊಂದು ದಿನವೆನ್ನದೆ, ಸಾಧ್ಯವಿದ್ದಷ್ಟು ಎರಡನ್ನೂ ಒಂದೇ ದಿನ ಮುಗಿಸುವಂತೆ ಆರೋಗ್ಯ ಇಲಾಖೆಯು ಗೊತ್ತುಮಾಡಲಿ. ಐದನೆಯದು, ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತರಿಯ ಕೆಲಸದ ತಾಯಂದಿರ ಮಕ್ಕಳಿಗೆಂದು 'ಕೂಸಿನ ಮನೆ'ಗಳನ್ನು ತೆರೆದಂತೆ, ಹೊಸಪೇಟೆ, ಸಂಡೂರು, ಕಂಪ್ಲಿ ಪಟ್ಟಣಗಳ ಆಸ್ಪತ್ರೆ ಮತ್ತು ಮಾರುಕಟ್ಟೆಗಳ ಸಮೀಪದಲ್ಲಿಯೂ ಮಗುವನ್ನು ಎರಡು ತಾಸು ಬಿಟ್ಟುಹೋಗುವ ಸ್ಥಳಗಳಾಗಲಿ.

ಜನರು ಮಾಡಬಹುದಾದ ಕೆಲಸವೂ ಇದೆ. ಕೂಸನ್ನು ಮೈಗೆ ಕಟ್ಟಿಕೊಂಡು ಎರಡೂ ಕೈಗಳನ್ನು ಬಿಡುವು ಮಾಡಿಕೊಳ್ಳುವ ವಿದ್ಯೆಯು ನಮ್ಮ ದುಡಿಯುವ ಹೆಂಗಸರಿಗೆ ಹೊಸದಲ್ಲ. ಹಳೆಯ ಸೀರೆಯ ಜೋಳಿಗೆಯೇ ಅದಕ್ಕೆ ಸಾಧನ. ಈಗ ಪಟ್ಟಣದ ಶ್ರೀಮಂತರು ಅದನ್ನೇ ಪರದೇಶದ ಹೆಸರಿನಲ್ಲಿ ಸಾವಿರಗಟ್ಟಲೆ ರೂಪಾಯಿ ಕೊಟ್ಟು ಕೊಳ್ಳುವರು. ಸಂಡೂರಿನ ಲಂಬಾಣಿ ಕಸೂತಿಯು ಭೌಗೋಳಿಕ ಗುರುತನ್ನು ಪಡೆದು ಹೆಸರುವಾಸಿಯಾಗಿದೆ. ಆ ಸೂಜಿ ಹಿಡಿದ ಕೈಗಳು, ಕೂಸಿನ ಮುಖವು ತೆರೆದಿದ್ದು ಉಸಿರಿಗೆ ತಡೆಯಾಗದಂಥ, ಗಟ್ಟಿಯಾದ ಜೋಳಿಗೆಯನ್ನು ಸುಲಭ ಬೆಲೆಗೆ ಹೊಲಿದು ಕೊಟ್ಟರೆ ಅವರಿಗೂ ಜೀವನ, ತಾಯಂದಿರಿಗೂ ಒಂದು ಕೈ ಬಿಡುವು. ಮತ್ತು ಬಸ್ಸಿನ ಬಾಗಿಲಲ್ಲಿ ನಿಂತ ತರುಣರು ಮೊದಲು ಅವಳ ದೊಡ್ಡ ಮಗುವನ್ನು ಎತ್ತಿ ಒಳಗಿಟ್ಟು ಆಮೇಲೆ ತಾವು ಹತ್ತಿದರೆ, ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ.

ವಿಜಯನಗರದ ಹೆಸರನ್ನು ಹೊತ್ತ ಜಿಲ್ಲೆಯಲ್ಲಿ ನಾವಿರುವೆವು. ಪೂರ್ವಜರ ವೈಭವವನ್ನು ಉತ್ಸವಗಳಲ್ಲಿ ಕೊಂಡಾಡುವದು ಉಚಿತವೇ. ಆದರೆ ಈ ನಾಡಿನ ಮುಂದಿನ ಪ್ರಜೆಗಳು ಈಗ ಕಂಕುಳಲ್ಲಿಯೂ ಕೈಯಲ್ಲಿಯೂ ಇರುವರು; ಅವರು ಮೊತ್ತಮೊದಲು ಕಾಣುವ ಸರಕಾರವೆಂದರೆ ಒಂದು ಬಸ್ಸು. ಅದರ ಮೆಟ್ಟಿಲು ಎಷ್ಟು ಎತ್ತರವಾಗಿದೆಯೆಂಬುದನ್ನು ಸಂಬಂಧಪಟ್ಟ ಅಧಿಕಾರಿಗಳು ಒಮ್ಮೆ ತಾವೇ, ಎರಡೂ ಕೈಗಳಲ್ಲಿ ಭಾರ ಹಿಡಿದು, ಏರಿ ನೋಡಬೇಕೆಂದು ಪ್ರಾರ್ಥಿಸುವೆವು.